ಹಾಡಿ ಜೇನಿಗೆ ದಾರಿ ಹೇಳೋರು

ಚಂದ್ರಿಕಾ ಬೆರಳು ಕಂಪ್ಯೂಟರ್ ಕೀ ಮೇಲೇ ನಿಂತ್ಬುಡ್ತು. ಕಾಡಂಚಿನ ಅವ್ರ ಹಾಡಿ ಜನ ಕಿತ್ತ ಜೇನು ಮಾರೋ ವೆಬ್‌ಸೈಟ್ ಎಲ್ಲದೆ ಅಂತ ಇಂಟರ್‌ನೆಟ್‌ನಲ್ಲಿ ಕೇಳ್ದೋರ್ಗೆ ದಾರಿ ಹೇಳಕ್ಕೆ ನೇಮ್ ಸರ್ವರ್ ಅನ್ನೋ ಎರಡು ಕಂಪ್ಯೂಟರ್ ಬೇಕಿತ್ತು. ಎರಡನ್ನೂ ಅವ್ಳು ಹಾಡಿ ಸೊಸೈಟಿ ರೂಮಲ್ಲೇ ಇಡಕ್ಕೆ ಹೊಂಟಿದ್ಲು.

"ಆನೆ ಬಂದು ಕರೆಂಟ್ ಕಂಬಕ್ಕೆ ಬೆನ್ನು ಉಜ್ಜುದ್ರೆ ಏಳೂರು ಕತ್ಲೆ ಆಯ್ತದೆ. ಆಗ ದಾರಿ ಹೇಳೋರು ಯಾರು ಕೂಸೇ?" ಅಂದ ಕುಳ್ಳಜ್ಜ, ಜೇನು ಕೀಳೋ ಹಗ್ಗ ಹೊಸೀತಾ.

"ಒಂದನ್ನ ಮೈಸೂರಿನ ಕಂಪ್ನೀಲಿ ಇಡ್ಬೋದು ಅಜ್ಜ. ಆದ್ರೆ ನಮ್ಮ ಹೆಸ್ರ ಬೇರೇರ ಕೈಗೆ ಕೊಟ್ಟಂಗಾಗಲ್ವಾ? ಇಷ್ಟು ದಿನ ಯಾಪಾರದೋರು ನಮ್ಮ ಜೇನ ಅವ್ರ ಹೆಸ್ರಲ್ಲೇ ಮಾರುದ್ರು."

ಕುಳ್ಳಜ್ಜ ಹಗ್ಗ ಕೆಳಗಿಟ್ಟ. "ನಿಮ್ಮಕ್ಕನ್ನ ಬೀಚನಹಳ್ಳಿಗೆ ಕೊಟ್ಟು ಹತ್ತು ವರ್ಸ ಆಯ್ತು. ಅಲ್ಲಿ ಯಾರಾದ್ರೂ ನಮ್ಮ ಹಾಡಿ ದಾರಿ ಕೇಳುದ್ರೆ ಅವ್ಳು ತಪ್ಪು ತೋರ್ಸಾಳಾ?"

ಚಂದ್ರಿಕಾ ಎರಡ್ನೇ ನೇಮ್ ಸರ್ವರ್ ಸಾಲಲ್ಲಿದ್ದ ಸೊಸೈಟಿ ರೂಮಿನ ಹೆಸ್ರ ಅಳಿಸಿ, ಮೈಸೂರಿನ ಸರ್ವರ್ ಹೆಸ್ರ ಬರುದ್ಲು.