ರಾಣಿಕಲ್ಲಿನ ಕೈ

"ಕೈ ಚಾಚವ್ವಾ ಶೀತಲ. ನನ್ನ ಬಳಿನೂ ಇಲ್ಲೇ ಒಡದಾರ," ಎನ್ನುತ್ತ ಅತ್ತೆ ಸರುಬಾಯಿ ಬಳೆಯಿಲ್ಲದ ಕೈಯಲ್ಲಿ ದುಂಡುಗಲ್ಲು ಎತ್ತಿದಳು.

ಶೀತಲಳ ಗಂಡ ಧನರಾಜನನ್ನು ಆಗಷ್ಟೇ ಮಣ್ಣು ಮಾಡಿ ಬಂದಿದ್ದರು. ಮುರುಮ ಊರಿನ ಸಂತೆಯಲ್ಲಿ ಅವನು ಇಡಿಸಿದ ಹಸಿರು ಬಳೆಗಳನ್ನು ಅವಳು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಎದುರಿಗೆ ರಾಣಿಕಲ್ಲು. ಅದರ ಮೇಲೆ ರಾಣಿಯ ಮುಖವಿಲ್ಲ, ಹೆಸರಿಲ್ಲ; ಬಳೆ ತುಂಬಿದ, ಮೇಲೆತ್ತಿದ ಒಂದು ಕೈಯಷ್ಟೇ ಇದೆ. ರಾಜನ ಚಿತೆ ಏರುವಾಗ ಆಕೆ ಊರನ್ನು ಹರಸಿದ ಕೈ ಅದು ಎಂದು ಅಜ್ಜಿ ಕಥೆ ಹೇಳುತ್ತಿದ್ದಳು. ಆ ಅಂಗೈಗೆ ಹಣೆ ಹಚ್ಚಿಯೇ ಶೀತಲ ಬೆಳೆದವಳು.

ದುಂಡುಗಲ್ಲು ಇನ್ನೇನು ಬೀಳಬೇಕು, "ಬ್ಯಾಡ್ರೀ ಅತ್ತಿ!" ಎಂದು ಶೀತಲಳ ಕೈ ತಾನಾಗಿ ಮೇಲೆದ್ದು, ಅಂಗೈ ಬಿಚ್ಚಿ ಅಡ್ಡ ನಿಂತಿತು.

ಸರುಬಾಯಿ ಸೊಸೆಯ ಕೈ ನೋಡಿದಳು, ಕಲ್ಲಿನ ಕೈ ನೋಡಿದಳು. "ಯವ್ವಾ," ಎಂದಳು, "ಆಕಿನೂ ಬ್ಯಾಡ ಅಂತನ ಕೈ ಎತ್ತಿದ್ಳೇನ?"