ರೆಕಾರ್ಡ್ ಪ್ಲೇಯರಿನ ಹೊಸ ಸೂಜಿ

ಸ್ಪಿರಿಟಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಆಸ್ಪತ್ರೆಯಲ್ಲ, ಕಾಪುವಿನ ನಮ್ಮ ಮನೆಯ ಚಾವಡಿ ನೆನಪಾಗುತ್ತದೆ.

ಅಪ್ಪ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಅವರ ರೆಕಾರ್ಡ್ ಪ್ಲೇಯರಿನ ಸೂಜಿ ಸವೆದು ಹಾಡೆಲ್ಲ ಗೊರಗೊರ ಅನ್ನುತ್ತಿತ್ತು. ಹೊಸ ಪ್ಲೇಯರ್ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಅಮ್ಮ ಮಣಿಪಾಲದಿಂದ ಸೂಜಿ ಇರುವ ಕಾರ್ಟ್ರಿಜ್ ಒಂದನ್ನಷ್ಟೇ ತಂದಿದ್ದಳು. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಹಳೆಯ ಧೂಳು ಒರೆಸಿ, ಕೂದಲಿನಷ್ಟು ತೆಳ್ಳಗಿನ ತಂತಿಗಳನ್ನು ಉಸಿರು ಬಿಗಿಹಿಡಿದು ಅದಕ್ಕೆ ಸಿಕ್ಕಿಸುತ್ತಿದ್ದಳು. ಆಗಲೇ ಕಾರ್ಕಳದ ದೊಡ್ಡಪ್ಪ ಬಂದರು.

"ಕಾಲುಂಗುರ ತೆಗೆದವಳಿಗೆ ಹಾಡು ಎಂತಕ್ಕೆ? ಊರವರು ಎಂತ ಹೇಳಿಯಾರು? ಅದನ್ನು ಕಟ್ಟಿ ಕೊಡು, ನಾನು ತಕೊಂಡು ಹೋಗ್ತೇನೆ."

"ಸ್ವಲ್ಪ ಕೂತ್ಕೊಳ್ಳಿ ಭಾವ. ನನಗೆ ಕೆಲಸ ಉಂಟು."

ಅಮ್ಮ ರೆಕಾರ್ಡ್ ಇಟ್ಟು ಸೂಜಿ ಇಳಿಸಿದಳು. ಹೊಸ ಕಾರ್ಟ್ರಿಜ್ ಹಳೆಯದಕ್ಕಿಂತ ಹಗುರ. ಸೂಜಿ ರೆಕಾರ್ಡಿನ ಗೆರೆಯಲ್ಲಿ ನಿಲ್ಲದೆ ಸರ್ರನೆ ಜಾರಿತು.

ದೊಡ್ಡಪ್ಪ ನಕ್ಕರು. "ನೋಡು, ಅದಕ್ಕೂ ಬೇಡವಂತೆ."

ಅಮ್ಮ ಎದ್ದು ಒಳಗೆ ಹೋದಳು. ಕಪಾಟಿನ ಬಾಗಿಲು ಕಿರುಗುಟ್ಟಿತು. ಹೊರಗೆ ಬಂದಾಗ ಅವಳ ಅಂಗೈಯಲ್ಲಿ ತೆಗೆದಿಟ್ಟಿದ್ದ ಬೆಳ್ಳಿಯ ಕಾಲುಂಗುರವಿತ್ತು. ಅದನ್ನು ಕಾರ್ಟ್ರಿಜ್‌ನ ಮೇಲ್ಗಡೆ ಟೇಪಿನಿಂದ ಅಂಟಿಸಿ, ಸೂಜಿಯನ್ನು ಮತ್ತೆ ಇಳಿಸಿದಳು. ಆ ಭಾರಕ್ಕೆ ಸೂಜಿ ಗೆರೆ ಹಿಡಿದು ನಿಂತಿತು. ಅಪ್ಪ ದಿನಾ ಹಾಕುತ್ತಿದ್ದ ಹಾಡು ಚಾವಡಿಯ ತುಂಬ ಸ್ವಚ್ಛವಾಗಿ ಎದ್ದಿತು.

ದೊಡ್ಡಪ್ಪ ಚಪ್ಪಲಿ ಹುಡುಕತೊಡಗಿದರು. ಅಮ್ಮ ಬೀದಿ ಕಡೆಯ ಕಿಟಕಿಯನ್ನು ಪೂರ್ತಿ ತೆರೆದು ಸದ್ದು ಹೆಚ್ಚಿಸಿದಳು.

"ಊರವರು ಎಂತ ಬೇಕಾದರೂ ಹೇಳಲಿ ಭಾವ," ಎಂದಳು. "ಇನ್ನು ನನಗೆ ಕೇಳುವುದಿಲ್ಲ."