ಶನಿವಾರದ ಅನ್ನ

ಮಾಸ್ತಮ್ಮ ಸೆರಗಿನ ಗಂಟು ಬಿಚ್ಚಿ ನಾಯಿಯ ಅನ್ನಕ್ಕೆ ಏನೋ ಉದುರಿಸಿದಳು. ಒಂದು ಚಿಟಿಕೆ. ಕಪ್ಪು ಕಾಳು.

ಅಂಕಿತಾ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅತ್ತೆಯನ್ನು ನೋಡಿದಳು. ಹೋದ ಶನಿವಾರವೂ ಹೀಗೇ ಕಂಡಿತ್ತು. ಆ ಸಂಜೆ ನಾಯಿಗೆ ಫಿಟ್ಸ್ ಬಂದು ನಾಲ್ಕೂ ಕಾಲು ಸೆಟೆದಿದ್ದವು. ಗುಳಿಗೆ ಕೊಡುವುದು ತಡವಾಯಿತು, ಅದಕ್ಕೇ ಇರಬೇಕು ಎಂದುಕೊಂಡಿದ್ದಳು. ಈಗ ಹಾಗೆ ಅನಿಸಲಿಲ್ಲ. ಗದ್ದೆಯ ಹುಳಕ್ಕೆ ಎರಚುವ ವಿಷವೂ ಕಪ್ಪು ಕಾಳೇ. ಹಿಂದಿನ ಮನೆಯ ಚೌಡನ ನಾಯಿ ಸತ್ತದ್ದು ಅದನ್ನು ತಿಂದೇ.

ಮಾಸ್ತಮ್ಮ ತಟ್ಟೆಯನ್ನು ಕೆಳಗಿಡಲಿಲ್ಲ. ಬಿಸಿ ಆರಲೆಂದು ಕಟ್ಟೆಯ ಮೇಲಿಟ್ಟುಕೊಂಡು ಕೂತಳು. ನಾಯಿ ಬಾಲ ಬಡಿಯುತ್ತ ಕಾಯತೊಡಗಿತು.

ಇದು ಯಾವ ನಾಯಿಯೆಂದು ಅತ್ತೆಗೆ ಗೊತ್ತಾಗಿದೆ. ಅಂಕಿತಾಳಿಗೆ ಅಷ್ಟೇ ಹೊಳೆದದ್ದು. ಎದೆ ಧಸಕ್ಕೆನ್ನಲಿಲ್ಲ. ಗಂಡ ಭಾಸ್ಕರ ಹೋದ ಮೇಲೆ ಅವಳೆದೆ ಯಾವುದಕ್ಕೂ ಧಸಕ್ಕೆಂದದ್ದಿಲ್ಲ. ಹೊಲಿಗೆ ಅಂಗಡಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಉಣ್ಣುತ್ತಿದ್ದಳು. ಒಮ್ಮೆಯೂ ಅತ್ತಿರಲಿಲ್ಲ.

ಮಳೆಗಾಲಕ್ಕೆ ಮುಂಚೆ, ಭಟ್ಕಳದಿಂದ ಬರುವಾಗ, ಭಾಸ್ಕರನ ಬೈಕಿಗೆ ನಾಯಿಯೊಂದು ಅಡ್ಡ ಬಂದಿತ್ತು. ಅವನು ಒಮ್ಮೆಲೇ ಬ್ರೇಕ್ ಹಾಕಿದ. ಬೈಕು ಜಾರಿತು. ಅವನನ್ನು ತನ್ನ ರಿಕ್ಷಾಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವನು ಅವನ ಗೆಳೆಯ ಸೋಮ. ತಲುಪುವಾಗ ಜೀವ ಇರಲಿಲ್ಲ.

ಎಷ್ಟೋ ದಿನಗಳ ಮೇಲೆ ಸೋಮ ದಾರಿಯಲ್ಲಿ ಸಿಕ್ಕು ಬಾಯಿ ಬಿಟ್ಟಿದ್ದ.

"ಆ ನಾಯಿ ಸತ್ತಿಲ್ಲ ಅತ್ಗೆ. ತಲೆಗೆ ಪೆಟ್ಟಾಗಿ ಫಿಟ್ಸ್ ಬತ್ತದೆ ಅಂಬ್ರು. ಕುಮಟೆಲಿ ನಾಯಿ ಸಾಕೂ ಜಾಗ ಉಂಟಲ್ಲ, ಅಲ್ಲಿ ಅದೆ." ತಕ್ಷಣ ನಾಲಿಗೆ ಕಚ್ಚಿಕೊಂಡ. "ನಾ ಹೇಳ್ದೆ ಅಂತ ನಿಮ್ಮತ್ತೆ ಹತ್ರ ಮಾತ್ರ ಹೇಳ್ಬೇಡಿ. ನನ್ನ ಸುಲಿದುಬಿಡ್ತ್ರು."

ಅಂಕಿತಾ ಹೇಳಲಿಲ್ಲ. ಕುಮಟೆಗೆ ಹೋದಳು. ಭಾಸ್ಕರ ಬೀಳುವಾಗ ಅವನ ಮುಖ ಕಂಡ ಜೀವ ಅದೊಂದೇ. ಅದು ಇನ್ನೊಬ್ಬರ ಮನೆ ಸೇರುವುದು ಬೇಡ ಅನಿಸಿತ್ತು, ಅಷ್ಟೆ.

ಮೂತಿ ನರೆತ ಕಂದು ನಾಯಿ. ಹಿಂಗಾಲು ಕುಂಟು. ದಿನಕ್ಕೆ ಎರಡು ಹೊತ್ತು ಗುಳಿಗೆ ಕೊಡಬೇಕು, ಬದುಕಿರುವಷ್ಟು ಕಾಲ.

"ಬಿಸ್ಕಿಟ್ ಹಾಕ್ದ್ರೆ ಮೂಸೂದೂ ಇಲ್ಲ," ಎಂದ ನಾಯಿಗಳನ್ನು ನೋಡಿಕೊಳ್ಳುವ ಜಟ್ಟಿ. "ಬಂಗಡೆ ಮೀನ್ ಸಾರು ಅನ್ನವೇ ಆಗ್ಬೇಕು. ಬೀದಿಲಿ ಹುಟ್ಟಿದ್ರೂ ದೊಡ್ಡ ಜನ ಇದು."

ಮನೆಗೆ ಬಂದದ್ದೇ ನಾಯಿ ಕುಂಟುತ್ತ ನೇರ ಮಾಸ್ತಮ್ಮನ ಹತ್ತಿರ ಹೋಗಿ ಪಾದದ ಮೇಲೆ ತಲೆ ಇಟ್ಟಿತು. ಅವಳು ಕಾಲು ಎಳೆದುಕೊಂಡಳು.

"ಇದ್ನ ಎಂತಕ್ಕೆ ತಂದ್ಯೆ?"

"ಪಾಪ ಅನ್ನಿಸ್ತು ಅತ್ತೆ."

ಮಾಸ್ತಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಗುಳಿಗೆ ತಂದ್ಯಾ?"

ಅಂಕಿತಾ ಅತ್ತೆಯ ಬಿಪಿ ಗುಳಿಗೆ ತೆಗೆದುಕೊಟ್ಟಳು.

"ಇದು ನಂದು," ಎಂದಳು ಮಾಸ್ತಮ್ಮ. ಇನ್ನೂ ಏನೋ ಬೇಕೆಂಬಂತೆ ನಿಂತು, ಆಮೇಲೆ ಒಳಗೆ ಹೋದಳು.

ಅಂದಿನಿಂದ ಅತ್ತೆ ಬದಲಾಗಿದ್ದಳು. ಭಾಸ್ಕರ ಹೋದ ಮೇಲೆ ಪ್ರತಿ ಶನಿವಾರ ಡಬ್ಬಿ ಹಿಡಿದುಕೊಂಡು ಬಸ್ಸು ಹತ್ತಿ ಕುಮಟೆಯ ದೇವಸ್ಥಾನಕ್ಕೆ ಹೋಗುತ್ತಿದ್ದವಳು, ಅದನ್ನೇ ಬಿಟ್ಟಳು. ಕೇಳಿದರೆ ಕಾಲುನೋವು. ಮನೆಯಲ್ಲೇ ಕೂತು ನಾಯಿಯನ್ನು ಕಣ್ಣಿಟ್ಟು ಕಾಯುವಳು. ಅಂಕಿತಾ ನೋಡಿದರೆ ಮುಖ ತಿರುಗಿಸುವಳು.

ಆದರೂ ಅತ್ತೆ ಕೆಟ್ಟವಳಲ್ಲ. ಭಾಸ್ಕರನ ಕ್ರಿಯೆಯ ದಿನ ಕಾಗೆ ಅನ್ನ ಮುಟ್ಟಿರಲಿಲ್ಲ. ಬೇಲಿಯ ಮೇಲೆ ಕೂತದ್ದು ಕೂತೇ ಇತ್ತು. ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದರು ಜನ. ಮನೆ ರಿಪೇರಿ ಮಾಡಿಸುತ್ತೇವೆ ಎಂದು ಭಾಸ್ಕರನ ದೊಡ್ಡಪ್ಪ ಮಹಾಬಲ ಮಾತು ಕೊಟ್ಟ. ಕಾಗೆ ಮುಟ್ಟಲಿಲ್ಲ. ದೇವರ ಹರಕೆ ತೀರಿಸುತ್ತೇವೆ ಎಂದ. ಮುಟ್ಟಲಿಲ್ಲ. ಕೊನೆಗೆ ಮಾಸ್ತಮ್ಮ ಎಲೆಯ ಹತ್ತಿರ ಬಗ್ಗಿ ಯಾರಿಗೂ ಕೇಳದಂತೆ ಏನೋ ಹೇಳಿದಳು. ಕಾಗೆ ಹಾರಿ ಬಂತು. "ಹೆಂಡ್ತಿ ಚಿಂತೆ ಇತ್ತು ಅವಂಗೆ. ಅತ್ತೆ ನಾ ನೋಡ್ಕಂತೆ ಅಂದ್ಲು, ಮುಟ್ತು," ಎಂದರು ನೆರೆಯ ಹೆಂಗಸರು. ಅಂಕಿತಾಳೂ ಹಾಗೇ ತಿಳಿದಿದ್ದಳು.

ಕಟ್ಟೆಯ ಮೇಲೆ ಮಾಸ್ತಮ್ಮ ತಟ್ಟೆ ಎತ್ತಿದಳು. ಅಂಕಿತಾ ಹೊರಗೆ ಓಡಿ ಅದನ್ನು ಕಿತ್ತುಕೊಂಡಳು.

"ಎಂತ ಹಾಕಿದ್ರಿ ಇದ್ಕೆ?"

ಅಂಕಿತಾ ಒಂದು ಕಾಳು ತೆಗೆದು ಮೂಸಿದಳು. ಹಲ್ಲಿನಲ್ಲಿ ಕಚ್ಚಿದಳು.

ಎಳ್ಳು. ಅಂದು ಕಾಗೆಗೆ ಇಟ್ಟ ಅನ್ನಕ್ಕೂ ಕಲಸಿದ್ದು ಇದೇ ಕರಿ ಎಳ್ಳು.

"ಶನಿವಾರ ಹೋದ ಅಲ್ವೆ ಅವ," ಎಂದಳು ಮಾಸ್ತಮ್ಮ. "ಶನಿವಾರ ಮಾತ್ರ ಹಾಕ್ತೆ. ತಟ್ಟೆ ಕೊಡು. ಹಸ್ದದೆ ಅದು."

ಅಂಕಿತಾ ತಟ್ಟೆ ಕೆಳಗಿಟ್ಟಳು. ನಾಯಿ ಉಣ್ಣತೊಡಗಿತು.

"ಅತ್ತೆ, ಅವತ್ತು ಕಾಗೆ ಹತ್ರ ಎಂತ ಹೇಳಿದ್ರಿ?"

"'ಅದ್ನ ಉಳ್ಸೂಕೇ ಅಲ್ವ ಮಗಾ ನೀ ಬ್ರೇಕ್ ಹಾಕದ್ದು? ಅದ್ಕೆ ಅನ್ನ ನಾ ಹಾಕ್ತೆ' ಅಂದೆ." ಮಾಸ್ತಮ್ಮ ನಾಯಿಯ ಬೆನ್ನ ಮೇಲೆ ಕೈ ಇಟ್ಟಳು. "ಮಾರನೇ ದಿನ ಅದ್ನ ಹುಡ್ಕಿಸಿ ಸೋಮನ ರಿಕ್ಷಾದಲ್ಲೇ ಕುಮಟೆಗೆ ಕಳ್ಸ್ದೆ. ಶನಿವಾರ ಡಬ್ಬಿ ತಕಂಡು ಹೋಗ್ತಿದ್ದದ್ದೂ ಅಲ್ಲಿಗೇ. ಮನೆಗೆ ತರುಕೆ ಧೈರ್ಯ ಆಗ್ಲಿಲ್ಲ."

"ಎಂತಕ್ಕೆ?"

"ಯಾವ ನಾಯಿ ಅಂತ ಗೊತ್ತಾದ್ರೆ, ನೀನು ಅನ್ನದಲ್ಲಿ ಎಂತಾರೂ ಹಾಕಿಬಿಡ್ತೆ ಅಂತ."